ಅತ್ತಿಗೆಯ ಎಲುಬು, ಅಣ್ಣನ ಹೃದಯ

ಬಿದ್ದು ಎದ್ದವರನ್ನು ಕಂಡರೆ ನಾವೆಲ್ಲ ಹೇಳುವುದು ಒಂದೇ ಮಾತು: “ಅಲ್ಲಾಡಬೇಡ, ಸುಮ್ನೆ ಕೂತ್ಕೋ.” ನಿಮ್ಮ ಮನೆಯಲ್ಲೂ ಹೀಗೆ ಹೇಳುವವರು ಒಬ್ಬರಾದರೂ ಇರುತ್ತಾರೆ. ನಮ್ಮ ಮನೆಯಲ್ಲಿ ಅದು ನಮ್ಮಣ್ಣ. ಅವನು ಪ್ರೀತಿಯಿಂದ ಹೇಳಿದ ಆ ಮಾತೇ ನಮ್ಮತ್ತಿಗೆಯ ಕಾಲನ್ನು ಕಿತ್ತುಕೊಳ್ಳುವುದರಲ್ಲಿತ್ತು. ಸದ್ಯ, ಹಾಗಾಗಲಿಲ್ಲ. ಅದು ಹೇಗೆ ತಪ್ಪಿತು ಅನ್ನುವುದನ್ನೇ ಹೇಳುತ್ತೇನೆ, ಕೇಳಿ.

ಅಣ್ಣ ಬಡಗಿ. ಬೀದಿಯವರೆಲ್ಲ ಅವನನ್ನು ಮೇಸ್ತ್ರಿ ಎನ್ನುತ್ತಾರೆ. ಅತ್ತಿಗೆ ಪಾಲಿಶ್ ಕೆಲಸದಲ್ಲಿ ಎತ್ತಿದ ಕೈ. ಅಣ್ಣ ಮಾಡಿದ ಮೇಜಿಗೆ ಅವರು ಉಪ್ಪುಕಾಗದ ಉಜ್ಜಿ ನುಣುಪು ಮಾಡಿ, ಬಟ್ಟೆಯ ಉಂಡೆಯನ್ನು ಪಾಲಿಶ್‌ನಲ್ಲಿ ಅದ್ದಿ ಒರೆಸಿದರೆ, ಆ ಮೇಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು. ನಾನು ಅವನ ತಂಗಿ, ಟೈಲರ್. ನನ್ನ ಅಂಗಡಿಗೂ ಅವರ ಶೆಡ್ಡಿಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಗಂಡ ಹೆಂಡತಿ ಪಿಸುಗುಟ್ಟಿದರೂ ಸಾಕು, ಈ ಕಡೆ ನನ್ನ ಹೊಲಿಗೆ ಯಂತ್ರ ತಾನಾಗಿಯೇ ನಿಂತುಬಿಡುತ್ತದೆ. ಏನು ಮಾಡುವುದು, ಯಂತ್ರಕ್ಕೂ ಕಿವಿಯಿದೆ.

ಅತ್ತಿಗೆ ಬಿದ್ದದ್ದು ಬಚ್ಚಲಮನೆಯ ಹೊಸ್ತಿಲಲ್ಲಿ. ಜೋರಾಗಿ ಬಿದ್ದದ್ದೇನೂ ಅಲ್ಲ, ಕಾಲು ಜಾರಿ ಮಗ್ಗುಲಾಗಿ ಕುಸಿದರು ಅಷ್ಟೇ. ಆದರೂ ಸೊಂಟದ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಒಳಗೆ ಕಂಬಿ ಕೂರಿಸಿದರು. ಮಾರನೆಯ ದಿನವೇ ಎಬ್ಬಿಸಿ, ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸಿದರು. ಮನೆಗೆ ಕಳಿಸುವಾಗ ಡಾಕ್ಟರು ಒತ್ತಿ ಒತ್ತಿ ಹೇಳಿದ್ದರು, “ದಿನಾ ನಡೀಬೇಕಮ್ಮ, ನಿಲ್ಲಿಸಬಾರದು” ಅಂತ.

ಮನೆಗೆ ಬಂದ ಮೊದಲ ವಾರ ನಡೆದರು. ಆಮೇಲೊಂದು ದಿನ ವಾಕರ್‌ನ ಕಾಲು ಹಲಗೆ ಚೂರಿಗೆ ಸಿಕ್ಕಿ ಒಂಚೂರು ವಾಲಿತು. ಅತ್ತಿಗೆ ಬೀಳಲಿಲ್ಲ, ಕಿರುಚಿದರು. ಅಣ್ಣ ಗರಗಸ ಬಿಸಾಕಿ ಓಡಿಬಂದ. ಅವನ ಮುಖ ನೋಡಬೇಕಿತ್ತು ನೀವು, ಹೆಂಡತಿಗಿಂತ ಅವನೇ ಬಿದ್ದವನ ಹಾಗಿದ್ದ. ಅವತ್ತಿಗೆ ನಡಿಗೆ ಮುಗಿಯಿತು.

ಕೆಲವೇ ದಿನಗಳಲ್ಲಿ ಅಣ್ಣ ಒಂದು ಕುರ್ಚಿ ಮಾಡಿದ. ನಾಲ್ಕೂ ಕಾಲಿಗೆ ಚಕ್ರ, ಕೈಯಿಡುವಲ್ಲಿ ಹತ್ತಿಯ ಮೆತ್ತೆ, ಮುಂದೆ ಊಟಕ್ಕೆ ಮಡಚುವ ಹಲಗೆ. ಅಡುಗೆಮನೆಯ ಕಪಾಟುಗಳನ್ನೆಲ್ಲ ಅವರು ಕೂತಲ್ಲಿಂದಲೇ ಕೈಗೆ ಸಿಗುವ ಹಾಗೆ ಕೆಳಗಿಳಿಸಿದ. ಕರೆಯುವುದಕ್ಕೆ ಅಂತ ಗಂಟೆಯೊಂದಕ್ಕೆ ಹಗ್ಗ ಕಟ್ಟಿ ಅವರ ಕೈಯಳತೆಯಲ್ಲಿ ಬಿಟ್ಟ. ನೋಡಿದವರೆಲ್ಲ “ಗಂಡ ಅಂದ್ರೆ ಹೀಗಿರ್ಬೇಕು” ಎಂದು ಹೋದರು. ತಮ್ಮ ಗಂಡಂದಿರಿಗೆ ಕೇಳಿಸುವ ಹಾಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿ ಹೋದರು.

ನಾನು ಒಂದು ದಿನ ಕೇಳಿದೆ. “ಅಣ್ಣ, ಡಾಕ್ಟರು ನಡೀಬೇಕು ಅಂದಿದ್ರಲ್ಲೋ?”

“ಡಾಕ್ಟರು ಹೇಳ್ತಾರೆ. ಬಿದ್ರೆ ಎತ್ತೋರು ಯಾರು? ಮುರಿದ ಕುರ್ಚಿ ಕಾಲಿಗೆ ನಾನು ಅಂಟು ಹಾಕಿ ಮೊಳೆ ಹೊಡೆದು ಕೊಡ್ತೀನಿ ಅಂತಿಟ್ಕೋ. ಅದರ ಮೇಲೆ ಯಾರಾದ್ರೂ ಕುಣೀತಾರಾ? ಜೋಪಾನವಾಗಿ ಇಟ್ಕೊಂಡ್ರೆ ಬಾಳಿಕೆ ಬರತ್ತೆ. ಬಳಸಿದಷ್ಟೂ ಸವೆಯೋದೇ. ಮರ ಆದ್ರೇನು, ಎಲುಬಾದ್ರೇನು?”

ಜೀವಮಾನವಿಡೀ ಮರದ ಜೊತೆ ಇದ್ದವನು, ಅವನಿಗೆ ಲೋಕವೆಲ್ಲ ಮರದ್ದೇ. ಅತ್ತಿಗೆಗೂ ಒಳಗೊಳಗೇ ಹೆದರಿಕೆ. ಹೀಗೇ ನಾಲ್ಕು ತಿಂಗಳು ಕಳೆಯಿತು. ಪಾಲಿಶ್ ಮಾಡಲು ಹೊರಗಿನಿಂದ ಒಬ್ಬ ಬರತೊಡಗಿದ. ಅವನ ಕೆಲಸವೋ, ದೇವರೇ ಗತಿ. ಶೆಡ್ಡಿನಿಂದ ಪಾಲಿಶ್ ವಾಸನೆ ಬಂದಾಗಲೆಲ್ಲ ಅತ್ತಿಗೆ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂರುತ್ತಿದ್ದರು.

ನನಗೆ ಎದೆ ಧಸಕ್ಕೆಂದದ್ದು ಅತ್ತಿಗೆಯ ರವಿಕೆ ಕೈಗೆ ಬಂದಾಗ. ತೋಳು ಸಡಿಲ ಅಂತ ಕೊಟ್ಟಿದ್ದರು. ಒಮ್ಮೆ ಬಿಗಿ ಮಾಡಿಕೊಟ್ಟಿದ್ದೆ, ಈಗ ಮತ್ತೆ ಸಡಿಲ. ಅಳತೆ ತೆಗೆಯಲು ಹೋದೆ. ನೋಡಿದರೆ, ಮುರಿದ ಕಾಲಷ್ಟೇ ಅಲ್ಲ, ಚೆನ್ನಾಗಿದ್ದ ಕಾಲೂ ಕಡ್ಡಿಯಾಗಿತ್ತು.

“ನಂಗೆ ಮತ್ತೆ ಶೆಡ್ಡಿಗೆ ಹೋಗೋಕಾಗತ್ತೇನೇ?” ಎಂದರು ಅತ್ತಿಗೆ, ಅಣ್ಣನಿಗೆ ಕೇಳಿಸದ ಹಾಗೆ. ನಾನು ಟೇಪು ಸುತ್ತಿಕೊಂಡು ಸೀದಾ ಗಡಿಬಿಡಿ ಸಿಸ್ಟರ್ ಮನೆಗೆ ಹೋದೆ.

ಗಡಿಬಿಡಿ ಸಿಸ್ಟರ್ ಅಂದರೆ ನಮ್ಮ ಬೀದಿಯ ಆರೋಗ್ಯ ಕೇಂದ್ರದ ನರ್ಸು. ಒಂದು ಕಡೆ ನಿಂತವರಲ್ಲ, ಚಪ್ಪಲಿ ಹಾಕಿಕೊಳ್ಳುತ್ತಲೇ ಮಾತು ಮುಗಿಸುವವರು. ಅವತ್ತು ಮಾತ್ರ ನನ್ನ ಜೊತೆ ಅಣ್ಣನ ಮನೆಗೆ ಬಂದವರು ಕೂತರು. ಕುರ್ಚಿಯನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ಉರುಳಿಸಿ ನೋಡಿದರು.

“ಕುರ್ಚಿ ಸೊಗಸಾಗಿದೆ ಮೇಸ್ತ್ರಿ. ಅಕ್ಕನ ಕಾಲು ಹಾಳು ಮಾಡ್ತಿರೋದು ಇದೇ.”

ಅಣ್ಣನ ಮುಖ ಗಂಟಾಯಿತು. ಕುರ್ಚಿ ಕಾಲಿನ ವಾದ ಶುರು ಮಾಡಿದ. ಸಿಸ್ಟರ್ ಪೂರ್ತಿ ಕೇಳಿಸಿಕೊಂಡರು.

“ಕಡಿದ ಮರ ಸತ್ತಿರತ್ತೆ ಮೇಸ್ತ್ರಿ, ಅದು ಸವೆಯತ್ತೆ ಸರಿ. ಆದ್ರೆ ಎಲುಬಿಗೆ ಜೀವ ಇದೆ. ಅದರೊಳಗೆ ಎರಡು ಗುಂಪು ಕೆಲಸದವರು ಇದ್ದಾರೆ ಅಂದ್ಕೊಳ್ಳಿ. ಒಂದು ಗುಂಪು ಹಳೇ ಎಲುಬನ್ನ ಸ್ವಸ್ವಲ್ಪ ಕೆಡವ್ತಾ ಹೋಗತ್ತೆ, ಇನ್ನೊಂದು ಹಿಂದೇನೇ ಬಂದು ಹೊಸದು ಕಟ್ಟತ್ತೆ. ಸಾಯೋವರೆಗೂ ಅವರಿಗೆ ರಜಾ ಇಲ್ಲ. ಹತ್ತು ವರ್ಷದ ಹಿಂದೆ ನಿಮ್ಮ ಮೈಯಲ್ಲಿದ್ದ ಎಲುಬು ಬಹುಪಾಲು ಈಗಿಲ್ಲ, ಅದರ ಜಾಗಕ್ಕೆ ಹೊಸದು ಬಂದಾಗಿದೆ.”

“ಅಂದ್ರೆ, ನಮ್ಮ ಮದುವೇಲಿದ್ದ ಮೇಸ್ತ್ರಿ ಇವರಲ್ಲ ಅಂತಾಯ್ತು” ಎಂದರು ಅತ್ತಿಗೆ. ಎಷ್ಟೋ ದಿನಗಳ ಮೇಲೆ ಅವರು ಆಡಿದ ತಮಾಷೆ ಅದು.

“ನಾಲಿಗೇಲಿ ಎಲುಬಿಲ್ಲ ಅಲ್ವಾ ಅಕ್ಕ, ಅದು ಮಾತ್ರ ಹಳೇದೇ ಇರಬೇಕು” ಎಂದು ಸಿಸ್ಟರ್ ನಕ್ಕರು. “ಈಗ ಕೇಳಿ. ಎಲ್ಲಿ ಭಾರ ಬೀಳತ್ತೋ ಅಲ್ಲಿ ಕಟ್ಟೋರು ಹುರುಪಿಂದ ಕಟ್ತಾರೆ. ನಿಲ್ಲೋದೇ ಇಲ್ಲ, ನಡೆಯೋದೇ ಇಲ್ಲ ಅಂದ್ರೆ, ಇಲ್ಲಿ ಯಾರಿಗೂ ನಾವು ಬೇಡ ಅಂತ ಕೈ ಕಟ್ಟಿ ಕೂರ್ತಾರೆ. ಕೆಡವೋರು ಮಾತ್ರ ತಮ್ಮ ಪಾಡಿಗೆ ಕೆಡವ್ತಾನೇ ಇರ್ತಾರೆ. ಮುಟ್ಟು ನಿಂತ ಮೇಲಂತೂ ಹೆಂಗಸರಿಗೆ ಕೆಡವೋರ ಕೈಯೇ ಮೇಲು. ಅದಕ್ಕೇ ಸುಮ್ನೆ ಜಾರಿ ಬಿದ್ದಿದ್ದಕ್ಕೆ ಸೊಂಟ ಮುರೀತು. ಇನ್ನು ಕೂತಲ್ಲೇ ಕೂತ್ರೆ ಇನ್ನೊಂದು ಕಡೆಯದ್ದೂ ತೆಳ್ಳಗಾಗತ್ತೆ. ಮೇಸ್ತ್ರಿ, ನೀವು ಕಾಪಾಡ್ತಿಲ್ಲ. ಮುಂದಿನ ಮುರಿತಕ್ಕೆ ಜಾಗ ಮಾಡಿಕೊಡ್ತಿದೀರಿ.”

ಅಣ್ಣನಿಗೆ ಪಿತ್ತ ನೆತ್ತಿಗೇರಿತು. ಉತ್ತರ ಕೊಡುವ ಬದಲು ಒಂದು ಹಲಗೆಯನ್ನು ಹೆಗಲ ಮೇಲೆ ಹೊತ್ತು ದಡದಡ ಅಟ್ಟಕ್ಕೆ ಹತ್ತಿದ. ಇಳಿದು ಬಂದಾಗ ಏದುಸಿರು. ಸ್ಟೂಲು ಹಿಡಿದುಕೊಂಡು ನಿಂತ. ಸಿಸ್ಟರ್ ಅವನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು. ಒಮ್ಮೆ ನೋಡಿದರು. ಸ್ವಲ್ಪ ಹೊತ್ತು ಕೂರಿಸಿ ಇನ್ನೊಮ್ಮೆ ನೋಡಿದರು.

“ಬಿ.ಪಿ. ತುಂಬಾ ಜಾಸ್ತಿ ಇದೆ. ಹಿಂದೆ ಯಾರಾದ್ರೂ ಮಾತ್ರೆ ಕೊಟ್ಟಿದ್ರಾ?”

“ಕೊಟ್ಟಿದ್ರು. ತಲೆನೋವಿಲ್ಲ, ತಲೆ ಸುತ್ತಿಲ್ಲ, ಯಾಕೆ ನುಂಗಲಿ? ಬಿಟ್ಟೆ.”

“ಗಾಡಿ ತರ್ಸಿ” ಎಂದರು ಸಿಸ್ಟರ್ ನನ್ನ ಕಡೆ ತಿರುಗಿ. “ಇಬ್ಬರೂ ಆಸ್ಪತ್ರೆಗೆ ಹೊರಡಲಿ.”

ಆಸ್ಪತ್ರೆಯಲ್ಲಿ ಅತ್ತಿಗೆಗೆ ಎಕ್ಸ್-ರೇ, ಅಣ್ಣನಿಗೆ ಹೃದಯದ ಸ್ಕ್ಯಾನ್. ಅತ್ತಿಗೆಯ ಎಲುಬು ಚೆನ್ನಾಗಿ ಕೂಡಿಕೊಂಡಿದೆ, ಇವತ್ತಿಂದಲೇ ನಡೆಸಿ ಅಂದರು. ಅಣ್ಣನ ಹೃದಯದ ಗೋಡೆ ದಪ್ಪವಾಗಿದೆ, ಬಿ.ಪಿ. ಮಾತ್ರೆ ತಪ್ಪಿಸಬೇಡಿ ಅಂದರು. ಇವನು ಮೊದಲರ್ಧ ಮಾತ್ರ ಕಿವಿಗೆ ಹಾಕಿಕೊಂಡ.

ಮಾರನೆಯ ದಿನದಿಂದ ಬೀದಿಯಲ್ಲೆಲ್ಲ ಅದೇ ಡಂಗುರ. ಕ್ಷೌರದಂಗಡಿಯವನಿಗೆ ಹೇಳಿದ, ಟೀ ಅಂಗಡಿಯವನಿಗೆ ಹೇಳಿದ, ನನಗಂತೂ ಗೋಡೆಯಾಚೆಯಿಂದ ಕೂಗಿಯೇ ಹೇಳಿದ. “ಇಷ್ಟು ವರ್ಷ ಮರದ ಮೇಲೆ ಕೀಸುಳಿ ತಳ್ಳಿದ್ದಕ್ಕೆ ತೋಳು ಹೇಗೆ ದಪ್ಪ ಆಗಿದ್ಯೋ, ಹೃದಯಾನೂ ಹಾಗೇ ಆಗಿದ್ಯಂತೆ! ಸ್ಕ್ಯಾನಲ್ಲೇ ಬಂದಿದೆ. ಈ ಬೀದೀಲಿ ಯಾರಿಗಿದೆ ಹೇಳು ಇಂಥಾ ಹೃದಯ?” ಮಾತ್ರೆಯ ಪಟ್ಟಿ ಕಿಟಕಿಯ ಮೇಲೆ ಧೂಳು ತಿನ್ನುತ್ತಿತ್ತು. ಅತ್ತಿಗೆ ಅದೇ ಕುರ್ಚಿಯಲ್ಲಿ ಕೂತಿದ್ದರು. ವಾಕರ್ ಮೇಲೆ ಒದ್ದೆ ಟವೆಲ್ಲು ಒಣಗುತ್ತಿತ್ತು. ಅಲ್ಲ, ಇಬ್ಬರಿಗೂ ಅಷ್ಟು ಹೇಳಿ ಕಳಿಸಿದ್ದಾರೆ, ಇವರು ಹೀಗೆ! ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ನಾಲ್ಕು ದಿನ ಬಿಟ್ಟು ಸಿಸ್ಟರ್ ಬಂದರು. ಸಮಾಚಾರ ಅವರಿಗೆ ಟೀ ಅಂಗಡಿಯಲ್ಲೇ ತಲುಪಿತ್ತು.

“ಏನು ಮೇಸ್ತ್ರಿ, ಹೃದಯ ಪೈಲ್ವಾನ್ ಆಗಿದ್ಯಂತೆ?”

“ನೀವೇ ಹೇಳಿ ಸಿಸ್ಟರ್, ಮಾಂಸಖಂಡ ದಪ್ಪ ಆದ್ರೆ ಬಲ ಬಂದ ಹಾಗೆ ತಾನೆ?”

“ನಿಮ್ಮ ತೋಳು ಬೆಳಗ್ಗೆ ಕೀಸುಳಿ ಹಿಡಿಯತ್ತೆ, ಸಂಜೆ ಕೆಳಗಿಡತ್ತೆ. ನಿಮ್ಮ ಹೃದಯ ಯಾವಾಗ ಕೆಳಗಿಡತ್ತೆ? ಬಿ.ಪಿ. ಜಾಸ್ತಿ ಇದ್ರೆ, ಆ ಕಡೆಯಿಂದ ಯಾರೋ ಒತ್ತಿ ಹಿಡಿದಿರೋ ಬಾಗಿಲನ್ನ ಅದು ಪ್ರತಿ ಬಡಿತಕ್ಕೂ ತಳ್ಳಬೇಕು. ಹಗಲೂ ರಾತ್ರಿ. ತಳ್ಳಿ ತಳ್ಳಿ ಗೋಡೆ ದಪ್ಪ ಆಗಿದೆ. ಅದು ಕಷ್ಟಕ್ಕೆ ಬಂದ ದಪ್ಪ. ಸರಿ, ನಿಮ್ಮ ಕೆಲಸದ್ದೇ ಕೇಳ್ತೀನಿ. ಮೇಜಿಗೆ ಒಂದು ಡ್ರಾಯರ್ ಮಾಡ್ಬೇಕು. ಹೊರಗಿನ ಅಳತೆ ಬದಲಾಯಿಸೋ ಹಾಗಿಲ್ಲ. ಆದ್ರೆ ಎರಡರಷ್ಟು ದಪ್ಪದ ಹಲಗೆ ಹಾಕಿದ್ರಿ. ಏನಾಗತ್ತೆ?”

“ಇದೂ ಒಂದು ಪ್ರಶ್ನೆನಾ? ಒಳಗೆ ಜಾಗ ಕಮ್ಮಿ ಆಗತ್ತೆ. ಹೊರೆ ಜಾಸ್ತಿ, ಹಿಡಿಸೋದು ಕಮ್ಮಿ. ಅಂಥಾ ಡ್ರಾಯರ್ ಯಾವ ಮುಟ್ಠಾಳ…”

ಅಣ್ಣನ ಕೈ ತಾನಾಗಿ ಎದೆಯ ಮೇಲೆ ಹೋಯಿತು.

“ಹೂಂ” ಎಂದರು ಸಿಸ್ಟರ್, ಈಗ ಮೆತ್ತಗೆ. “ನಿಮ್ಮ ಹೃದಯದೊಳಗೂ ಹಾಗೇ ಆಗ್ತಿರೋದು. ದಪ್ಪ ಆದ ಗೋಡೆ ಗಡುಸಾಗತ್ತೆ, ಸಡಿಲವಾಗಿ ರಕ್ತ ತುಂಬಿಕೊಳ್ಳೋಕಾಗಲ್ಲ. ಅದಕ್ಕೇ ಅಟ್ಟ ಹತ್ತಿದ್ರೆ ಏದುಸಿರು. ಹೀಗೇ ಬಿಟ್ರೆ ಒಂದು ದಿನ ಸೋತು, ಹಿಗ್ಗಿ, ಜೋತು ಬೀಳತ್ತೆ.”

“ವಾಪಸ್ ಸರಿ ಆಗಲ್ವಾ?” ಕೇಳಿದ್ದು ಅತ್ತಿಗೆ.

“ಆಗತ್ತೆ ಅಕ್ಕ. ಎಲುಬಿನ ಹಾಗೆ ಹೃದಯಾನೂ ಬದಲಾಗ್ತಾನೇ ಇರತ್ತೆ. ಒತ್ತಡ ಇಳಿದ್ರೆ ಗೋಡೆಯ ದಪ್ಪ ನಿಧಾನವಾಗಿ ಇಳಿಯತ್ತೆ. ತಿಂಗಳುಗಟ್ಟಲೆ ಬೇಕು. ಪೂರ್ತಿ ಮೊದಲಿನ ಹಾಗೆ ಆಗದೇ ಇರಬಹುದು, ಆದ್ರೆ ಅನಾಹುತ ಎಷ್ಟೋ ತಪ್ಪತ್ತೆ. ದಿನಾ ಮಾತ್ರೆ ತಗೋಬೇಕು, ಉಪ್ಪು ಇಳಿಸ್ಬೇಕು, ಓಡಾಡ್ಬೇಕು.”

ಎಲ್ಲರೂ ಅಣ್ಣನ ಮುಖ ನೋಡಿದೆವು. ಅವನು ಕಿವಿ ಹಿಂದೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದ, ಮತ್ತೆ ಸಿಕ್ಕಿಸಿದ. “ಸರಿ, ನೋಡೋಣ” ಅಂದ.

ನಮ್ಮಣ್ಣ “ನೋಡೋಣ” ಅಂದರೆ ಆಗುವುದಿಲ್ಲ ಅಂತಲೇ ಲೆಕ್ಕ. ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಅತ್ತಿಗೆ ಮದುವೆಯಾದಾಗಿನಿಂದ ಕೇಳಿದ್ದಾರೆ.

ಅತ್ತಿಗೆ ಮುಂದಿನ ಹಲಗೆಯನ್ನು ಪಟಾರನೆ ಮಡಚಿದರು. ಕುರ್ಚಿಯ ಎರಡೂ ಕೈ ಊರಿ, ಹಲ್ಲು ಕಚ್ಚಿ, ಎದ್ದು ನಿಂತುಬಿಟ್ಟರು! ಸಿಸ್ಟರ್ ಜಿಗಿದು ಹೋಗಿ ಒಂದು ಕಡೆಯಿಂದ ಹಿಡಿದರು, ನಾನು ಇನ್ನೊಂದು ಕಡೆಯಿಂದ.

“ಏಯ್! ಏನೇ ಅದು? ಕೂತ್ಕೋ, ಕೂತ್ಕೋ!” ಅಣ್ಣನಿಗೆ ಜೀವ ಬಾಯಿಗೆ ಬಂತು.

“ಕೂರಲ್ಲ. ರೀ, ಆ ಮಾತ್ರೆ ತಗೊಳ್ಳಿ. ಇಲ್ಲಾಂದ್ರೆ ಈಗಲೇ ಬಾಗಿಲವರೆಗೂ ನಡೀತೀನಿ, ನೋಡ್ತಿರಿ.”

“ಹುಚ್ಚು ಹಿಡೀತಾ ನಿನಗೆ? ಬಿದ್ರೆ?”

“ನಾನು ಬಿದ್ರೆ ಎಲುಬು ಹೋಗತ್ತೆ. ನೀವು ಬಿದ್ರೆ ನನಗೆ ಯಾರಿದ್ದಾರ್ರೀ? ನಾನು ಗಂಟೆ ಹಗ್ಗ ಎಳೆದ್ರೆ ಯಾರು ಬರ್ತಾರೆ?” ಹೇಳುತ್ತಲೇ ಅತ್ತಿಗೆ ಒಂದು ಕಾಲು ಮುಂದಿಟ್ಟರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹಠ ಮಾತ್ರ ಒಂದಿಷ್ಟೂ ಕರಗಲಿಲ್ಲ.

ಅಣ್ಣ ಕಿಟಕಿಗೆ ಓಡಿದ. ಪಟ್ಟಿ ಹರಿದ. ನೀರು ತರಲು ಹೋದವನು ಚೊಂಬು ಬೀಳಿಸಿದ, ಮತ್ತೆ ತುಂಬಿಸಿಕೊಂಡ. ಮಾತ್ರೆ ನುಂಗಿ, ಬಾಯಿ ತೆರೆದು ನಾಲಿಗೆಯನ್ನೂ ತೋರಿಸಿದ. “ಆಯ್ತಲ್ಲ? ನುಂಗಿದ್ನಲ್ಲ? ಈಗ ಕೂತ್ಕೋ ಮಾರಾಯ್ತಿ.”

“ಎದ್ದಿದ್ದೂ ಆಯ್ತು, ಒಂದು ಕಾಲು ಇಟ್ಟಿದ್ದೂ ಆಯ್ತು” ಎಂದರು ಅತ್ತಿಗೆ ಮೂಗು ಒರೆಸಿಕೊಂಡು. “ಸಿಸ್ಟರ್, ಇನ್ನೊಂದು ಕಾಲು ಹೇಗಿಡ್ಬೇಕು, ಹೇಳಿಕೊಡಿ.”

ಒದ್ದೆ ಟವೆಲ್ಲು ಕಿತ್ತು ವಾಕರ್ ತಂದುಕೊಟ್ಟವಳು ನಾನೇ. ಅವತ್ತು ಬಾಗಿಲವರೆಗೆ ಹೋಗಿ ಬಂದರು. ಗಡಿಬಿಡಿ ಸಿಸ್ಟರ್ ಹೊರಡುವಾಗ ಒಂದು ಚಪ್ಪಲಿ ತಮ್ಮದು, ಒಂದು ನನ್ನದು ಹಾಕಿಕೊಂಡು ಹೋದರು.

ಅವತ್ತಿನಿಂದ ಆ ಮನೆಯಲ್ಲಿ ಒಂದು ಒಪ್ಪಂದ. ಅಣ್ಣ ಮಾತ್ರೆ ನುಂಗಿದರೆ ಅತ್ತಿಗೆ ನಡೆಯುತ್ತಾರೆ. ಬೆಳಗಿನ ಎಳೆಬಿಸಿಲಿಗೆ ಬೀದಿಯಲ್ಲಿ ವಾಕರ್ ಟಕ್ ಟಕ್ ಅಂದರೆ ಮೇಸ್ತ್ರಿ ಮಾತ್ರೆ ತಗೊಂಡ ಅಂತ ಬೀದಿಗೇ ಗೊತ್ತಾಗುತ್ತಿತ್ತು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಟ್ಟರು. ಬಚ್ಚಲಿಗೆ ಜಾರದ ಚಾಪೆ, ಗೋಡೆಗೆ ಹಿಡಿಕೆ ಬಂತು. ಶೆಡ್ಡಿನ ನೆಲದಲ್ಲಿ ಹಲಗೆ ಚೂರು ಬಿದ್ದಿದ್ದರೆ ಅಣ್ಣನೇ ಗುಡಿಸಿದ. ಹಾಲು, ಮೊಟ್ಟೆ, ಸೊಪ್ಪು, ಕಾಳು ತಪ್ಪಿಸಲಿಲ್ಲ. ಡಾಕ್ಟರು ಬರೆದುಕೊಟ್ಟ ಎಲುಬಿನ ಮಾತ್ರೆಯನ್ನು ಅತ್ತಿಗೆಯೂ ತೆಗೆದುಕೊಂಡರು. ಸಾರಿನಲ್ಲಿ ಉಪ್ಪು ಕಡಿಮೆಯಾದ ಮೊದಲ ದಿನ ಅಣ್ಣ ಊಟಕ್ಕೆ ಕೂತು “ಇದನ್ನ ಯಾರಾದ್ರೂ ಶತ್ರುಗಳಿಗೆ ಬಡಿಸಿ” ಅಂದ. ತಿಂಗಳು ಕಳೆಯುವಷ್ಟರಲ್ಲಿ ನಾಲಿಗೆ ಹೊಂದಿಕೊಂಡಿತು. ಈಗ ನನ್ನ ಮನೆಯ ಸಾರು ಕುಡಿದು “ಎಷ್ಟು ಉಪ್ಪು ಸುರೀತೀಯೇ?” ಅಂತ ನನಗೇ ಬುದ್ಧಿ ಹೇಳುತ್ತಾನೆ.

ನಡುವೆ ಒಮ್ಮೆ ಕೈಕೊಟ್ಟ. ಬಿ.ಪಿ. ಸರಿಯಾಗಿದೆ ಅಂತ ಸಿಸ್ಟರ್ ಹೇಳಿದ್ದೇ ತಡ, “ವಾಸಿ ಆಯ್ತಲ್ಲ, ಇನ್ಯಾಕೆ?” ಎಂದು ಮಾತ್ರೆ ನಿಲ್ಲಿಸಿದ. ಅತ್ತಿಗೆ ಏನೂ ಜಗಳವಾಡಲಿಲ್ಲ. ಹೋಗಿ ಚಕ್ರದ ಕುರ್ಚಿಯಲ್ಲಿ ಕೂತು ಗಂಟೆ ಬಾರಿಸತೊಡಗಿದರು. ನೀರು ಬೇಕು, ಗಂಟೆ. ಬಾಚಣಿಗೆ ಬೇಕು, ಗಂಟೆ. ಸಂಜೆಯೊಳಗೆ ಅಣ್ಣ ಶರಣಾದ. “ಮಾತ್ರೆ ತಗೊಳ್ತಿರೋದ್ರಿಂದಲೇ ಸರಿ ಇರೋದು ಮೇಸ್ತ್ರಿ. ನಿಲ್ಲಿಸೋದಿದ್ರೆ ಡಾಕ್ಟರು ಹೇಳ್ತಾರೆ, ನೀವಲ್ಲ” ಎಂದು ಸಿಸ್ಟರ್ ಬಂದು ಇನ್ನಷ್ಟು ಬಿಸಿ ಮುಟ್ಟಿಸಿ ಹೋದರು.

ವಾಕರ್ ಹೋಗಿ ಕೋಲು ಬಂತು. ಒಂದು ದಿನ ಪಾಲಿಶ್ ವಾಸನೆಯ ಜೊತೆ ಅತ್ತಿಗೆಯ ಗುನುಗು ಗೋಡೆ ದಾಟಿ ಬಂತು. ಹೊಲಿಗೆ ಯಂತ್ರ ನಿಂತಿತು ಅಂತ ಬೇರೆ ಹೇಳಬೇಕೇ? ಹೊರಗಿನಿಂದ ಬರುತ್ತಿದ್ದ ಪಾಲಿಶ್‌ನವನಿಗೆ ಅಣ್ಣ ಕೈಮುಗಿದು ಕಳಿಸಿದ. ನಾನು ಅವತ್ತು ನೆಮ್ಮದಿಯಾಗಿ ಅತ್ತೆ.

ವರ್ಷ ದಾಟಿದ ಮೇಲೆ ಇಬ್ಬರನ್ನೂ ಮತ್ತೆ ಸ್ಕ್ಯಾನಿಗೆ ಕರೆದಿದ್ದರು. ಗಾಡಿಯಿಂದ ಇಳಿದು ಆಸ್ಪತ್ರೆಯ ಮಹಡಿ ಮೆಟ್ಟಿಲನ್ನು ಅತ್ತಿಗೆ ಕೋಲೂರಿಕೊಂಡು ತಾವೇ ಹತ್ತಿದರು. ಹಿಂದೆ ಅಣ್ಣ ಎರಡೂ ಕೈ ಚಾಚಿಕೊಂಡು, ಈಗ ಬೀಳುತ್ತಾಳೋ ಆಗ ಬೀಳುತ್ತಾಳೋ ಅಂತ. ಅವನಿಗೆ ಏದುಸಿರು ಬರಲಿಲ್ಲ. ಅದು ಅವನಿಗೇ ಹೊಳೆದದ್ದು ಮೇಲೆ ಹೋದ ಮೇಲೆ.

ಡಾಕ್ಟರು ಅತ್ತಿಗೆಯ ಎಲುಬಿನ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. “ನೋಡಿ ಅಮ್ಮ, ಮುರಿದಿದ್ದ ಗೆರೆ ಈಗ ಹುಡುಕಬೇಕು. ಎಲುಬು ಇನ್ನೂ ತೆಳ್ಳಗೇ ಇದೆ, ಆದ್ರೆ ಸವೆಯೋದು ನಿಂತು ಗಟ್ಟಿಯಾಗೋಕೆ ಶುರುವಾಗಿದೆ. ನಡಿಗೆ ಬಿಡ್ಬೇಡಿ.” ಆಮೇಲೆ ಅಣ್ಣನ ಕಡೆ ತಿರುಗಿದರು. “ಮೇಸ್ತ್ರಿ, ನಿಮ್ಮ ಹೃದಯದ ಗೋಡೆಯ ದಪ್ಪ ಇಳಿದಿದೆ. ಪೂರ್ತಿ ಅಲ್ಲ. ಸರಿ ದಾರಿಯಲ್ಲಿದೆ. ಹೀಗೇ ಮುಂದುವರಿಸಿ, ಭಯ ಬೇಡ.”

ಹೊರಗೆ ಬಂದವನೇ ಅಣ್ಣ ಮೆಟ್ಟಿಲ ಮೇಲೆ ಕೂತುಬಿಟ್ಟ. ಮುಖ ಮುಚ್ಚಿಕೊಂಡ. ಭುಜ ಅಲ್ಲಾಡುತ್ತಿತ್ತು. ನಮ್ಮಣ್ಣ ಅತ್ತದ್ದನ್ನು ನಾನು ಎಂದೂ ನೋಡಿರಲಿಲ್ಲ.

“ನೀನು ಬಚ್ಚಲಲ್ಲಿ ಬಿದ್ದಾಗ ಕೂಗಿದ್ಯಲ್ಲ,” ಎಂದ, “ಆ ದನಿ ನನ್ನ ಕಿವಿಯಿಂದ ಹೋಗ್ಲೇ ಇಲ್ಲ ಕಣೇ. ಅದಕ್ಕೇ ಕೂರಿಸಿದ್ದು. ಇನ್ನೊಂದ್ಸಲ ಕೇಳೋ ಧೈರ್ಯ ಇರ್ಲಿಲ್ಲ ನನಗೆ.”

ಅತ್ತಿಗೆ ಅವನ ತಲೆ ಮೇಲೆ ಕೈಯಿಟ್ಟರು. ಆಮೇಲೆ ಕೋಲಿನಿಂದ ಅವನ ಮೊಣಕಾಲಿಗೆ ಮೆಲ್ಲನೆ ತಟ್ಟಿದರು.

“ಏಳಿ, ನಡೀರಿ. ಮಂಚಕ್ಕೆ ಮೊದಲನೇ ಕೈ ಪಾಲಿಶ್ ಹಾಕಿ ಬಂದಿದೀನಿ, ಇಷ್ಟು ಹೊತ್ತಿಗೆ ಒಣಗಿರತ್ತೆ. ಎರಡನೇ ಕೈ ಹಾಕ್ಬೇಕು.”

ಇಷ್ಟೇ ನೋಡಿ ನಮ್ಮ ಮನೆಯ ಕಥೆ. ಈಗ ನೀವು ಹೇಳಿ. ಬಿದ್ದು ಎದ್ದ ತಾಯಿಯನ್ನೋ, ಅತ್ತೆಯನ್ನೋ ನಿಮ್ಮ ಮನೆಯಲ್ಲಿ ಹೆದರಿಕೆಯಿಂದ ಮೂಲೆಯಲ್ಲಿ ಕೂರಿಸಿದ್ದೀರಾ? ಡಾಕ್ಟರನ್ನು ಕೇಳಿ, ಅವರು ಹೂಂ ಅಂದರೆ ಕೈಹಿಡಿದು ಎಬ್ಬಿಸಿ. ಜೊತೆಗೆ ನೀವೂ ನಡೆಯಿರಿ. ಬಿ.ಪಿ. ಮಾತ್ರೆ ಧೂಳು ತಿನ್ನುತ್ತಿದೆಯಾ? ಕೊನೆಯ ಸಲ ಬಿ.ಪಿ. ನೋಡಿಸಿದ್ದು ಯಾವಾಗ ಅನ್ನುವುದೇ ಮರೆತಿದೆಯಾ? ನೋವಿಲ್ಲ ಅಂತ ಸುಮ್ಮನಿರಬೇಡಿ, ಈ ಕಾಯಿಲೆ ಬಾಗಿಲು ತಟ್ಟಿ ಬರುವುದಿಲ್ಲ. ನೀವು ಇದನ್ನು ಕೇಳುತ್ತಿರುವಾಗಲೂ ನಿಮ್ಮ ಎಲುಬು ಕಟ್ಟಿಕೊಳ್ಳುತ್ತಿದೆ, ನಿಮ್ಮ ಹೃದಯ ಬದಲಾಗುತ್ತಿದೆ. ಯಾವ ಕಡೆಗೆ ಬದಲಾಗಬೇಕು ಅನ್ನುವುದರಲ್ಲಿ ನಿಮ್ಮ ಕೈಯೂ ಇದೆ. ತಡವಾಯಿತು ಅಂತ ಕೈಚೆಲ್ಲಬೇಡಿ. ನಾಳೆ ಬೆಳಗ್ಗೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿ. ಒಬ್ಬರೇ ಹೋಗಬೇಡಿ, “ನೋಡೋಣ” ಅನ್ನುವವರು ನಿಮ್ಮ ಮನೆಯಲ್ಲಿದ್ದರೆ ಅವರನ್ನೂ ಎಳೆದುಕೊಂಡು ಹೋಗಿ.